ಪಿಪಿಟಿನಾ, ಬೋರ್ಡಾ, ಜೆರಾಕ್ಸ್ ಹಾಳೆನಾ, ಹೊಲನಾ? ಯಾವುದಕ್ಕೆ ಯಾವುದು ಸರಿ

ದಾವಣಗೆರೆಯಲ್ಲಿ ಈಗ ಕಾಲೇಜಿನ ಸೆಮಿನಾರ್ ಇರಲಿ, ರೈತರ ತರಬೇತಿ ಇರಲಿ, ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಗೆ ಸಾಲದ ಮಾಹಿತಿ ಕೊಡುವ ಸಭೆ ಇರಲಿ, ಮೊದಲು ಬರುವ ಪ್ರಶ್ನೆ ಒಂದೇ: 'ಪ್ರೊಜೆಕ್ಟರ್ ಇದೆಯಾ?' ಏನು ಹೇಳಬೇಕು, ಯಾರಿಗೆ ಹೇಳಬೇಕು ಅನ್ನುವುದೆಲ್ಲ ಆಮೇಲೆ. ಪಿಪಿಟಿ ರೆಡಿ ಆಯ್ತು ಅಂದರೆ ತಯಾರಿ ಮುಗಿಯಿತು ಅಂತಲೇ ಲೆಕ್ಕ.

ಪಿಪಿಟಿ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಕೆಲವು ಕೆಲಸಕ್ಕೆ ಅದನ್ನು ಮೀರಿಸುವುದು ಬೇರೆ ಇಲ್ಲ. ಆದರೆ ನಾವು ಅದನ್ನು ಬಳಸುವ ಬಹಳಷ್ಟು ಕಡೆ ಅದು ಹೇಳುವವರಿಗೆ ಅನುಕೂಲ, ಕೇಳುವವರಿಗೆ ಅಲ್ಲ. ಸ್ಲೈಡ್ ಎದುರಿಗಿದ್ದರೆ ಮಾತಾಡುವವರಿಗೆ ಮರೆಯುವ ಭಯ ಇಲ್ಲ. ಕೇಳುವವರಿಗೆ ಎಷ್ಟು ತಲುಪಿತು ಅನ್ನುವುದು ಬೇರೆ ಮಾತು.

ಹಾಗಾದರೆ ಯಾವುದನ್ನು ಆರಿಸಬೇಕು? ನಾನು ಮೊದಲು ಕೇಳಿಕೊಳ್ಳುವುದು ಇದನ್ನು: ಇವರೆಲ್ಲ ಎದ್ದು ಹೋದ ಮೇಲೆ ಏನು ಮಾಡಬೇಕು? ಲೆಕ್ಕ ಬಿಡಿಸಬೇಕಾ, ಹೊಲದಲ್ಲಿ ಹುಳ ಗುರುತಿಸಬೇಕಾ, ಅರ್ಜಿ ತುಂಬಬೇಕಾ, ಒಂದು ತೀರ್ಮಾನಕ್ಕೆ ಒಪ್ಪಬೇಕಾ? ಉತ್ತರ ಬದಲಾದಂತೆ ದಾರಿಯೂ ಬದಲಾಗುತ್ತದೆ.

ಮೊದಲು ಪಿಪಿಟಿ: ಎಲ್ಲಿ ಕೈಕೊಡುತ್ತದೆ

ಪಿಪಿಟಿ ಮಾಡುವ ಪವರ್‌ಪಾಯಿಂಟ್ ಅನ್ನುವ ಈ ಸಾಫ್ಟ್‌ವೇರ್ ಯಾಕೆ ಹುಟ್ಟಿತು ಅನ್ನುವುದನ್ನು ತಿಳಿದರೆ ಅರ್ಧ ವಿಷಯ ಅರ್ಥವಾಗುತ್ತದೆ. ರಾಬರ್ಟ್ ಗ್ಯಾಸ್ಕಿನ್ಸ್, ಡೆನಿಸ್ ಆಸ್ಟಿನ್ ಅನ್ನುವವರು ಫೋರ್‌ಥಾಟ್ ಅನ್ನುವ ಸಣ್ಣ ಕಂಪನಿಯಲ್ಲಿ ಇದನ್ನು ಮಾಡಿದರು. 1987ರಲ್ಲಿ ಮೊದಲು ಮ್ಯಾಕಿಂಟೋಶ್ ಕಂಪ್ಯೂಟರಿಗೆ ಬಂತು. ಅದೇ ವರ್ಷ ಮೈಕ್ರೋಸಾಫ್ಟ್ ಆ ಕಂಪನಿಯನ್ನು 1.4 ಕೋಟಿ ಡಾಲರಿಗೆ ಕೊಂಡುಕೊಂಡಿತು. ಆಗ ಓವರ್‌ಹೆಡ್ ಪ್ರೊಜೆಕ್ಟರಿಗೆ ಹಾಕುವ ಪಾರದರ್ಶಕ ಹಾಳೆಗಳನ್ನು ಕಚೇರಿಯ ಮೀಟಿಂಗಿಗಾಗಿ ಚೊಕ್ಕವಾಗಿ ತಯಾರಿಸಿಕೊಳ್ಳುವುದು ಇದರ ಕೆಲಸ. ಅಂದರೆ ಕಂಪನಿಯವರು ತಮ್ಮ ಯೋಜನೆಯನ್ನು ಇನ್ನೊಬ್ಬರಿಗೆ ಒಪ್ಪಿಸಲು ಮಾಡಿಕೊಂಡ ಸಲಕರಣೆ. ಮಕ್ಕಳಿಗೆ ಪಾಠ ಹೇಳಲು ಮಾಡಿದ್ದಲ್ಲ. ನಾವು ಅದನ್ನು ಹಾಗೇ ತಂದು ಕ್ಲಾಸಿನಲ್ಲಿ ಇಟ್ಟೆವು.

ಮೊದಲ ತೊಂದರೆ ಚುಕ್ಕಿ ಹಾಕಿ ಬರೆಯುವ ಅಭ್ಯಾಸ. ಮೆಕ್ಕೆಜೋಳದ ಸೈನಿಕ ಹುಳುವಿನ ತರಬೇತಿಯ ಒಂದು ಸ್ಲೈಡ್ ಸಾಮಾನ್ಯವಾಗಿ ಹೀಗಿರುತ್ತದೆ: 'ಸಮಗ್ರ ಕೀಟ ನಿರ್ವಹಣೆ. ನಿಯಮಿತ ವೀಕ್ಷಣೆ. ಮೊಟ್ಟೆ ಗುಂಪುಗಳ ನಾಶ. ಸಕಾಲಿಕ ಸಿಂಪರಣೆ.' ಓದಲು ಚೆನ್ನಾಗಿದೆ. ಆದರೆ ಇದರಲ್ಲಿ ಒಂದೂ ಕ್ರಿಯಾಪದ ಇಲ್ಲ ನೋಡಿ. ಯಾರು ನೋಡಬೇಕು, ಯಾವಾಗ ನೋಡಬೇಕು, ಗಿಡದ ಯಾವ ಭಾಗ ನೋಡಬೇಕು? ಇದೇ ಮಾತನ್ನು ಬಿಡಿಸಿ ಬರೆದರೆ ಹೀಗಾಗುತ್ತದೆ: 'ಹೊಲದಲ್ಲಿ ಅಂಕುಡೊಂಕಾಗಿ ನಡೆಯುತ್ತಾ ಐದು ಕಡೆ ನಿಲ್ಲಿ. ಒಂದೊಂದು ಕಡೆ ಹತ್ತಿಪ್ಪತ್ತು ಗಿಡದ ಸುಳಿ ನೋಡಿ. ಎಲೆ ಮೇಲೆ ಬೂದು ಬಣ್ಣದ ನವಿರು ಮುಚ್ಚಿದ ಮೊಟ್ಟೆ ಗುಂಪು ಕಂಡರೆ ಅಲ್ಲೇ ಕೈಯಲ್ಲಿ ಹಿಸುಕಿಬಿಡಿ. ಔಷಧಿ ಹೊಡೆಯುವುದಾದರೆ ಬೆಳಿಗ್ಗೆ ಬೇಗ ಇಲ್ಲವೇ ಸಂಜೆ, ಸುಳಿಯೊಳಗೆ ಬೀಳುವ ಹಾಗೆ ಹೊಡೆಯಿರಿ.' ಈ ವಾಕ್ಯಗಳು ಸ್ಲೈಡಿನಲ್ಲಿ ಹಿಡಿಯುವುದಿಲ್ಲ. ಹಿಡಿಯುವುದಿಲ್ಲ ಅಂತ ಕತ್ತರಿಸುತ್ತೇವೆ. ಕತ್ತರಿಸಿದಾಗ ಹೋಗುವುದು ರೈತನಿಗೆ ಬೇಕಾದ ಭಾಗವೇ.

ಎರಡನೆಯದು, ಸ್ಲೈಡಿನಲ್ಲಿ ಇರುವುದನ್ನೇ ಓದಿ ಹೇಳುವುದು. ಮನುಷ್ಯ ಓದುವಾಗಲೂ ಮನಸ್ಸಿನೊಳಗೆ ಶಬ್ದ ಕೇಳಿಸಿಕೊಳ್ಳುತ್ತಾನೆ. ಅದೇ ಹೊತ್ತಿಗೆ ಇನ್ನೊಬ್ಬರು ಜೋರಾಗಿ ಓದಿದರೆ ಎರಡು ರೇಡಿಯೋ ಒಟ್ಟಿಗೆ ಹಾಕಿದ ಹಾಗೆ. ಕಣ್ಣು ಮುಂದೆ ಓಡುತ್ತದೆ, ಕಿವಿ ಹಿಂದೆ ಉಳಿಯುತ್ತದೆ. ಕಲಿಕೆಯ ಮನಶ್ಶಾಸ್ತ್ರದಲ್ಲಿ ದೊಡ್ಡ ಹೆಸರು ಮಾಡಿದ ರಿಚರ್ಡ್ ಮೇಯರ್ ಇದನ್ನು ಪ್ರಯೋಗ ಮಾಡಿ ತೋರಿಸಿದ್ದಾರೆ. ಚಿತ್ರ ತೋರಿಸಿ ಬಾಯಲ್ಲಿ ವಿವರಿಸಿದರೆ ಚೆನ್ನಾಗಿ ಕಲಿಯುತ್ತಾರೆ. ಅದರ ಜೊತೆಗೆ ಅದೇ ಮಾತನ್ನು ಅಕ್ಷರದಲ್ಲೂ ಹಾಕಿದರೆ ಕಲಿಕೆ ಕಡಿಮೆಯಾಗುತ್ತದೆ.

ಇದಕ್ಕೊಂದು ಹೊರತು ಇದೆ, ಅದು ನಮ್ಮ ಜಿಲ್ಲೆಗೆ ಬಹಳ ಮುಖ್ಯ. ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿ ಪಿಯುಸಿ ಸೈನ್ಸಿಗೆ ಬರುವ ಮಕ್ಕಳು ಎಷ್ಟು ಜನ ಇದ್ದಾರೆ! ಅವರಿಗೆ ಇಂಗ್ಲಿಷ್ ಪದ ಕಿವಿಗೆ ಬಿದ್ದರೂ ಸ್ಪೆಲಿಂಗ್ ಗೊತ್ತಾಗುವುದಿಲ್ಲ. ಅವರಿಗೆ ಆ ಪದವನ್ನು ಬರೆದು ತೋರಿಸಲೇಬೇಕು. ಆದರೆ ಪದವನ್ನು ಬರೆದರೆ ಸಾಕು. ಇಡೀ ಪ್ಯಾರಾ ಬೇಡ.

ಮೂರನೆಯದು ವೇಗ. ಒಂದು ಬಟನ್ ಒತ್ತಿದರೆ ಪೂರ್ತಿ ಬಿಡಿಸಿದ ಲೆಕ್ಕ ಪರದೆ ಮೇಲೆ ಬಂದು ನಿಲ್ಲುತ್ತದೆ. ಮಕ್ಕಳು ತಲೆ ಬಗ್ಗಿಸಿ ಬರೆದುಕೊಳ್ಳುವುದಕ್ಕೆ ಶುರು ಮಾಡುತ್ತಾರೆ. ಮುಗಿಯುವಷ್ಟರಲ್ಲಿ ಮುಂದಿನದು ಬಂದಿರುತ್ತದೆ. 'ಸಾರ್, ಒಂದ್ ನಿಮಿಷ, ಹಿಂದಿಂದು ಹಾಕಿ ಸಾರ್' ಅನ್ನುವ ಮಾತು ಕೇಳದ ಕ್ಲಾಸ್ ಉಂಟಾ? ಬರೆದುಕೊಳ್ಳುವುದೇ ಕೆಲಸವಾದಾಗ ಯೋಚನೆಗೆ ಜಾಗ ಇಲ್ಲ. ಕೊನೆಗೆ 'ಪಿಪಿಟಿನ ಗ್ರೂಪಿಗೆ ಹಾಕಿಬಿಡಿ ಸಾರ್' ಅಂತಾರೆ. ಮೇಷ್ಟ್ರು ಹಾಕುತ್ತಾರೆ. ಪರೀಕ್ಷೆಯ ಹಿಂದಿನ ರಾತ್ರಿ ಅದನ್ನು ತೆರೆದರೆ ಅದರಲ್ಲಿ ಇರುವುದು ಕ್ರಿಯಾಪದ ಇಲ್ಲದ ಚುಕ್ಕಿಗಳು. ಮೇಷ್ಟ್ರ ಮಾತು ಅದರಲ್ಲಿಲ್ಲ.

ಇನ್ನು ನಮ್ಮ ಊರಿನದೇ ಆದ ತೊಂದರೆಗಳು. ಪ್ರೊಜೆಕ್ಟರ್ ಕಾಣಬೇಕಾದರೆ ಕಿಟಕಿ ಮುಚ್ಚಬೇಕು, ಲೈಟ್ ಆರಿಸಬೇಕು. ಏಪ್ರಿಲ್ ತಿಂಗಳಲ್ಲಿ ಮಧ್ಯಾಹ್ನ ಊಟ ಆದಮೇಲೆ ಹೀಗೆ ಮಾಡಿದರೆ ಎಷ್ಟು ಒಳ್ಳೆಯ ವಿಷಯ ಇದ್ದರೂ ಜನ ತೂಕಡಿಸುತ್ತಾರೆ. ತಪ್ಪು ಅವರದಲ್ಲ. ಕತ್ತಲಲ್ಲಿ ಹೇಳುವವರಿಗೆ ಕೇಳುವವರ ಮುಖವೂ ಕಾಣುವುದಿಲ್ಲ. ಯಾರಿಗೆ ಅರ್ಥವಾಗಲಿಲ್ಲ ಅಂತ ಗೊತ್ತಾಗುವುದು ಮುಖ ನೋಡಿ ತಾನೇ? ಕರೆಂಟ್ ಹೋದರೆ ಅಲ್ಲಿಗೆ ಕಾರ್ಯಕ್ರಮವೇ ನಿಂತಿತು.

ಕನ್ನಡ ಅಕ್ಷರದ್ದು ಬೇರೆಯೇ ಗೋಳು. 'ನುಡಿ' ಅಥವಾ 'ಬರಹ' ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಸ್ಲೈಡನ್ನು ಪೆನ್‌ಡ್ರೈವಿನಲ್ಲಿ ತೆಗೆದುಕೊಂಡು ಹೋಗಿ ಇನ್ನೊಂದು ಲ್ಯಾಪ್‌ಟಾಪಿಗೆ ಹಾಕಿದರೆ, ಅಲ್ಲಿ ಆ ಫಾಂಟ್ ಇಲ್ಲದಿದ್ದರೆ, ಅಕ್ಷರವೆಲ್ಲ ಚೆಲ್ಲಾಪಿಲ್ಲಿ. ಯೂನಿಕೋಡಿನಲ್ಲಿ ಟೈಪ್ ಮಾಡಿ, ಜೊತೆಗೆ ಪಿಡಿಎಫ್ ಮಾಡಿಕೊಂಡು ಹೋದರೆ ಈ ಕಾಟ ತಪ್ಪುತ್ತದೆ. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಕನ್ನಡಕ್ಕೆ ಸಾಲುಗಳ ನಡುವೆ ಜಾಸ್ತಿ ಜಾಗವೂ ಬೇಕು. ಇಂಗ್ಲಿಷ್ ಸ್ಲೈಡಿನ ಅಳತೆಯಲ್ಲೇ ಕನ್ನಡ ತುಂಬಿದರೆ ಹಿಂದಿನ ಬೆಂಚಿಗೆ ಏನೂ ಕಾಣುವುದಿಲ್ಲ.

ಎಲ್ಲಿ ಪಿಪಿಟಿಯೇ ಬೇಕು

ಕಣ್ಣಿಗೆ ಕಾಣದ್ದನ್ನು ದೊಡ್ಡದು ಮಾಡಿ ಎಲ್ಲರಿಗೂ ಒಟ್ಟಿಗೆ ತೋರಿಸಬೇಕಾದಾಗ. ಮೆಡಿಕಲ್ ವಿದ್ಯಾರ್ಥಿಗಳಿಗೆ ಎಕ್ಸ್‌ರೇ, ಅಂಗಾಂಶದ ಚಿತ್ರ, ಚರ್ಮರೋಗದ ಫೋಟೋ ತೋರಿಸಲು ಬೇರೆ ದಾರಿ ಎಲ್ಲಿದೆ? ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಮಯೂರಶರ್ಮನ ಶಾಸನ ಬಂಡೆಯ ಮೇಲಿದೆ. ಕೆರೆಯ ವಿಷಯ ಹೇಳುವ ಪ್ರಾಕೃತ ಶಾಸನ, ಬ್ರಾಹ್ಮೀ ಲಿಪಿ. ಬಂಡೆಯ ಮುಂದೆ ನಿಂತರೂ ಸವೆದ ಅಕ್ಷರ ಬರಿಗಣ್ಣಿಗೆ ಸುಲಭಕ್ಕೆ ಸಿಗುವುದಿಲ್ಲ. ಅದರ ಒಳ್ಳೆಯ ಫೋಟೋವನ್ನು ಗೋಡೆ ತುಂಬ ಹಾಕಿ ಒಂದೊಂದೇ ಅಕ್ಷರ ತೋರಿಸಿದರೆ ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ನಕ್ಷೆ, ಉಪಗ್ರಹ ಚಿತ್ರ, ಹೂಳು ತೆಗೆಯುವ ಮೊದಲಿನ ಮತ್ತು ಆಮೇಲಿನ ಕೆರೆಯ ಫೋಟೋ, ಇವಕ್ಕೂ ಅಷ್ಟೇ. ಚಿತ್ರಕ್ಕೆ ಪರದೆ ಕೊಡಿ, ಮಾತನ್ನು ನೀವು ಆಡಿ.

ಬೋರ್ಡು ಮತ್ತು ಚಾಕ್‌ಪೀಸ್

ಹಂತ ಹಂತವಾಗಿ ಮುಂದಕ್ಕೆ ಹೋಗುವ ಯಾವ ವಿಷಯಕ್ಕೂ ನನ್ನ ಆಯ್ಕೆ ಬೋರ್ಡು. ಗಣಿತ, ಭೌತಶಾಸ್ತ್ರದ ಡೆರಿವೇಶನ್, ವ್ಯಾಕರಣ, ಸರ್ಕ್ಯೂಟ್ ಚಿತ್ರ, ಜಮಾ ಖರ್ಚಿನ ಲೆಕ್ಕ. ಬೋರ್ಡಿನ ದೊಡ್ಡ ಗುಣ ಅದರ ನಿಧಾನ. ಮೇಷ್ಟ್ರ ಕೈ ಎಷ್ಟು ಬೇಗ ಬರೆಯಬಹುದೋ ಅದಕ್ಕಿಂತ ಬೇಗ ಪಾಠ ಓಡುವುದಿಲ್ಲ. ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಹೇಗೆ ಬಂದರು ಅನ್ನುವುದು ಕಣ್ಣ ಮುಂದೆಯೇ ನಡೆಯುತ್ತದೆ. ಮಧ್ಯೆ ಒಬ್ಬ ಹುಡುಗಿ ಕೈ ಎತ್ತಿ 'ಇಲ್ಲಿ ಮೈನಸ್ ಯಾಕೆ ಬಂತು ಸಾರ್?' ಅಂತ ಕೇಳಿದರೆ ಪಕ್ಕದಲ್ಲೇ ಸಣ್ಣದಾಗಿ ಬಿಡಿಸಿ ತೋರಿಸಬಹುದು. ಸ್ಲೈಡಿನಲ್ಲಿ ಆ ಪ್ರಶ್ನೆಗೆ ಜಾಗವೇ ಇಲ್ಲ. ನಿನ್ನೆ ರಾತ್ರಿಯೇ ಪಾಠ ಎಲ್ಲಿಂದ ಎಲ್ಲಿಗೆ ಅಂತ ತೀರ್ಮಾನ ಆಗಿಬಿಟ್ಟಿರುತ್ತದೆ.

ಇನ್ನೊಂದು ಗುಣ ಕಡಿಮೆ ಜನ ಗಮನಿಸುವಂಥದ್ದು. ಬೋರ್ಡಿನ ಎಡಗಡೆ ಬರೆದ ಸೂತ್ರ ಪಾಠ ಮುಗಿಯುವವರೆಗೂ ಅಲ್ಲೇ ಇರುತ್ತದೆ. ಹತ್ತು ನಿಮಿಷದ ನಂತರ 'ಅದನ್ನ ಇಲ್ಲಿಗೆ ಹಾಕಿ' ಅಂತ ಬೆರಳು ತೋರಿಸಬಹುದು. ಸ್ಲೈಡಿನಲ್ಲಿ ಹಿಂದಿನದು ಮಾಯವಾಗಿರುತ್ತದೆ. ಮನುಷ್ಯನ ತಲೆ ಒಂದೇ ಸಲಕ್ಕೆ ಮೂರ್ನಾಲ್ಕು ಹೊಸ ಸಂಗತಿಗಿಂತ ಜಾಸ್ತಿ ಹಿಡಿದಿಟ್ಟುಕೊಳ್ಳುವುದಿಲ್ಲ. ಹೋದ ಸ್ಲೈಡನ್ನು ನೆನಪಿಟ್ಟುಕೊಳ್ಳುವುದರಲ್ಲೇ ಅದರ ಶಕ್ತಿ ಖರ್ಚಾದರೆ ಹೊಸದಕ್ಕೆ ಉಳಿಯುವುದೇನು?

ಬೋರ್ಡಿಗೂ ಮಿತಿ ಇದೆ. ಕೈಬರಹ ಕೆಟ್ಟದಿದ್ದರೆ, ಬೋರ್ಡು ಬಣ್ಣ ಹೋಗಿ ಹೊಳೆಯುತ್ತಿದ್ದರೆ, ಮೇಷ್ಟ್ರು ಬೋರ್ಡಿಗೇ ಮುಖ ಮಾಡಿ ಮಾತಾಡಿದರೆ ಪ್ರಯೋಜನ ಕಡಿಮೆ. ನೂರಿಪ್ಪತ್ತು ಜನರ ಹಾಲಿನಲ್ಲಿ ಹಿಂದಿನವರಿಗೆ ಕಾಣುವುದಿಲ್ಲ. ನೇರ ಬೋರ್ಡಿಗೆ ನಿಂತು ಬಿಡಿಸುವುದಕ್ಕೆ ಮೇಷ್ಟ್ರಿಗೆ ವಿಷಯ ಚೆನ್ನಾಗಿ ಗೊತ್ತಿರಲೂ ಬೇಕು. ನನ್ನ ದೃಷ್ಟಿಯಲ್ಲಿ ಇದು ಬೋರ್ಡಿನ ಪರವಾದ ಮಾತೇ.

ಬರೆದ ಹಾಳೆ

ತೀರ್ಮಾನ ತೆಗೆದುಕೊಳ್ಳಬೇಕಾದ ಸಭೆಗೆ ಬರೆದ ಹಾಳೆ ಬೇಕು. ಪಂಚಾಯಿತಿಯ ಕ್ರಿಯಾಯೋಜನೆ ಇರಬಹುದು, ಶಾಲೆಯ ಎಸ್‌ಡಿಎಂಸಿ ಸಭೆ ಇರಬಹುದು, ಸಹಕಾರ ಸಂಘದ ಲೆಕ್ಕ ಇರಬಹುದು. ಯಾಕೆ ಅನ್ನುವುದಕ್ಕೆ ಜಗತ್ತೇ ನೋಡಿದ ಒಂದು ಉದಾಹರಣೆ ಇದೆ.

2003ರ ಜನವರಿ 16ರಂದು ಕೊಲಂಬಿಯಾ ಬಾಹ್ಯಾಕಾಶ ನೌಕೆ ಹೊರಟಿತು. ನಮ್ಮ ಕಲ್ಪನಾ ಚಾವ್ಲಾ ಸೇರಿ 7 ಜನ ಅದರಲ್ಲಿದ್ದರು. ಹೊರಟು ಒಂದೂವರೆ ನಿಮಿಷ ಆಗುವ ಮೊದಲೇ ಇಂಧನ ಟ್ಯಾಂಕಿನ ಮೇಲಿನ ಫೋಮ್ ತುಂಡೊಂದು ಕಿತ್ತು ಎಡ ರೆಕ್ಕೆಗೆ ಬಡಿಯಿತು. ನೌಕೆ ಇನ್ನೂ ಮೇಲಿರುವಾಗಲೇ ಎಂಜಿನಿಯರುಗಳು ಅಪಾಯ ಎಷ್ಟು ಅಂತ ಲೆಕ್ಕ ಹಾಕಿ ನಾಸಾ ಅಧಿಕಾರಿಗಳಿಗೆ ಸ್ಲೈಡಿನಲ್ಲಿ ಹೇಳಿದರು. ಅದರಲ್ಲಿ ಒಂದು ಸ್ಲೈಡಿನ ದೊಡ್ಡಕ್ಷರದ ತಲೆಬರಹ ಧೈರ್ಯ ಕೊಡುವ ಹಾಗಿತ್ತು. ಚುಕ್ಕಿಯೊಳಗೆ ಚುಕ್ಕಿ, ಅದರೊಳಗೆ ಇನ್ನೊಂದು ಚುಕ್ಕಿ ಅಂತ ಇಳಿದು, ಕೊನೆಯಲ್ಲಿ ಸಣ್ಣಕ್ಷರದಲ್ಲಿ ಒಂದು ಅಂಕಿ ಇತ್ತು. ಹಿಂದೆ ಪರೀಕ್ಷೆ ಮಾಡಿದ್ದ ತುಂಡು 3 ಘನ ಇಂಚು, ಈ ಸಲ ಬಡಿದದ್ದು 1920 ಘನ ಇಂಚು. ಅಂದರೆ 640 ಪಟ್ಟು ದೊಡ್ಡದು! ಹಳೆಯ ಪರೀಕ್ಷೆ ಇದಕ್ಕೆ ಅನ್ವಯಿಸುವುದೇ ಇಲ್ಲ ಅನ್ನುವ ಮಾತು ಎಲ್ಲಕ್ಕಿಂತ ಮೇಲೆ ಇರಬೇಕಿತ್ತು. ಅದು ಎಲ್ಲಕ್ಕಿಂತ ಕೆಳಗಿತ್ತು. ಫೆಬ್ರವರಿ 1ರಂದು ವಾಪಸ್ ಬರುವಾಗ ನೌಕೆ ಛಿದ್ರವಾಗಿ ಏಳೂ ಜನ ಸತ್ತರು.

ಅವರನ್ನು ಕೊಂದದ್ದು ಸ್ಲೈಡ್ ಅಲ್ಲ, ರೆಕ್ಕೆಗೆ ಬಿದ್ದ ತೂತು. ಆದರೆ ಅದೇ ವರ್ಷ ಬಂದ ತನಿಖಾ ಮಂಡಳಿಯ ವರದಿ ಈ ಸ್ಲೈಡನ್ನು ಹೆಸರು ಹಿಡಿದು ಟೀಕಿಸಿತು. ಹಿರಿಯ ಅಧಿಕಾರಿಯೊಬ್ಬರು ಇದನ್ನು ಓದಿ, ಜೀವಕ್ಕೆ ಅಪಾಯ ಇದೆ ಅಂತ ತಿಳಿಯದೇ ಹೋಗುವುದು ಸಹಜ ಅಂತ ಬರೆಯಿತು. ತಾಂತ್ರಿಕ ವರದಿ ಬರೆಯಬೇಕಾದ ಕಡೆಯೆಲ್ಲ ಪವರ್‌ಪಾಯಿಂಟ್ ಬಳಸುವ ಅಭ್ಯಾಸವನ್ನೂ ತಪ್ಪು ಅಂತ ತೋರಿಸಿತು. ಸ್ಲೈಡಿನ ಈ ದೋಷವನ್ನು ಬಿಡಿಸಿ ತೋರಿಸಿದವರು ಅಂಕಿಅಂಶಗಳನ್ನು ಚಿತ್ರವಾಗಿ ತೋರಿಸುವ ವಿದ್ಯೆಯಲ್ಲಿ ಪಳಗಿದ ಎಡ್ವರ್ಡ್ ಟಫ್ಟಿ.

ಮರುವರ್ಷ, 2004ರಲ್ಲಿ, ಅಮೆಜಾನ್ ಕಂಪನಿಯ ಜೆಫ್ ಬೆಜೋಸ್ ತಮ್ಮ ಹಿರಿಯರ ಮೀಟಿಂಗುಗಳಲ್ಲಿ ಪವರ್‌ಪಾಯಿಂಟ್ ಬೇಡ ಅಂದರು. ಬದಲಿಗೆ ಪೂರ್ತಿ ವಾಕ್ಯಗಳಲ್ಲಿ ಬರೆದ ಟಿಪ್ಪಣಿ, ಹೆಚ್ಚೆಂದರೆ ಆರು ಪುಟ. ಮೀಟಿಂಗ್ ಶುರುವಾದಾಗ ಎಲ್ಲರೂ ಸುಮ್ಮನೆ ಕುಳಿತು ಅದನ್ನು ಓದುತ್ತಾರೆ, ಆಮೇಲೆ ಮಾತು. ನಮ್ಮ ಸಭೆಗೆ ಆರು ಪುಟ ಬೇಡ, ಒಂದು ಹಾಳೆ ಸಾಕು. ಬರೆಯುವವರು 'ಯಾಕೆ', 'ಹಾಗಾಗಿ', 'ಆದರೆ' ಅನ್ನುವ ಪದಗಳನ್ನು ಬಳಸಲೇಬೇಕಾಗುತ್ತದೆ. ಆಗ ಅವರ ಯೋಚನೆಯಲ್ಲಿ ತೂತು ಇದ್ದರೆ ಅವರಿಗೇ ಕಾಣುತ್ತದೆ. ಜೆರಾಕ್ಸಿಗೆ ಒಂದು ಹಾಳೆಗೆ ಒಂದೆರಡು ರೂಪಾಯಿ. ಮನೆಗೆ ಒಯ್ಯಬಹುದು, ಮಗಳ ಕೈಲಿ ಓದಿಸಿ ಕೇಳಬಹುದು, ಮುಂದಿನ ಸಭೆಗೆ ತಂದು 'ನೀವು ಹೀಗೆ ಬರೆದಿದ್ರಿ' ಅಂತ ಕೇಳಲೂಬಹುದು.

ಓದಲು ಬಾರದವರು ಸಭೆಯಲ್ಲಿ ಜಾಸ್ತಿ ಇದ್ದರೆ ಒಬ್ಬರು ಹಾಳೆಯನ್ನು ನಿಧಾನವಾಗಿ ಓದಿ ಹೇಳಬೇಕು. ಅವರಿಗೆ ಸ್ಲೈಡೂ ಅಷ್ಟೇ, ಹಾಳೆಯೂ ಅಷ್ಟೇ. ಹಾಳೆಯಾದರೆ ಪೂರ್ತಿ ಮಾತಾದರೂ ಕಿವಿಗೆ ಬೀಳುತ್ತದೆ.

ವಸ್ತುವಿನ ಹತ್ತಿರಕ್ಕೇ ಹೋಗುವುದು

ಕೈಯಿಂದ ಮಾಡಬೇಕಾದ, ಕಣ್ಣಿಂದ ಗುರುತಿಸಬೇಕಾದ ವಿಷಯಕ್ಕೆ ಇದರ ಮುಂದೆ ಬೇರೆ ಯಾವುದೂ ನಿಲ್ಲುವುದಿಲ್ಲ.

ಮೆಕ್ಕೆಜೋಳದ ಸೈನಿಕ ಹುಳುವನ್ನೇ ತೆಗೆದುಕೊಳ್ಳಿ. ಅಮೆರಿಕ ಖಂಡದಿಂದ ಬಂದ ಈ ಹುಳು ಭಾರತದಲ್ಲಿ ಮೊದಲು ಕಂಡದ್ದು 2018ರಲ್ಲಿ, ನಮ್ಮ ಪಕ್ಕದ ಶಿವಮೊಗ್ಗದ ಕಡೆ. ದಾವಣಗೆರೆಗೆ ಮೆಕ್ಕೆಜೋಳವೇ ಜೀವಾಳ, ಹಾಗಾಗಿ ತರಬೇತಿಗಳಿಗೆ ಕೊರತೆ ಇಲ್ಲ. ಸ್ಲೈಡಿನಲ್ಲಿ ಹುಳ ಗೋಡೆ ಅಗಲ ಕಾಣುತ್ತದೆ, ಹೊಳೆಯುತ್ತದೆ. ಹೊಲದಲ್ಲಿ ಅದು ಸುಳಿಯೊಳಗೆ ಅಡಗಿ ಕೂತಿರುತ್ತದೆ. ಗಾತ್ರವೇ ಬೇರೆ, ಬಣ್ಣವೂ ಬೇರೆ. ಹೊಲದಲ್ಲಿ ಕಲಿಸುವುದು ಹೀಗೆ: ಮೊದಲು ಸುಳಿಯಲ್ಲಿ ಮರದ ಪುಡಿಯಂಥ ಹಿಕ್ಕೆ ಇದೆಯಾ ನೋಡಬೇಕು. ಇದ್ದರೆ ಎಲೆಯನ್ನು ಮೆಲ್ಲಗೆ ಬಿಡಿಸಬೇಕು. ಹುಳವನ್ನು ಅಂಗೈ ಮೇಲೆ ಹಾಕಿಕೊಂಡು ತಲೆ ನೋಡಿದರೆ ತಲೆಕೆಳಗಾಗಿ ಬರೆದ ಇಂಗ್ಲಿಷ್ ವೈ ಅಕ್ಷರದಂಥ ಬಿಳಿ ಗೆರೆ ಕಾಣುತ್ತದೆ. ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕಿ ಇರುತ್ತವೆ. ಒಂದು ಭೂತಗನ್ನಡಿ ಇದ್ದರೆ ಇನ್ನೂ ಒಳ್ಳೆಯದು. ಒಂದು ಸಲ ಹೀಗೆ ಬೆರಳಲ್ಲಿ ಹಿಡಿದು ನೋಡಿದವರು 'ಇದೇ ನೋಡ್ರಿ, ನಮ್ ಹೊಲ್ದಾಗೂ ಇದೇ ಐತಿ' ಅನ್ನುತ್ತಾರೆ. ಆಮೇಲೆ ಪಕ್ಕದ ಹೊಲದವರಿಗೆ ಅವರೇ ಕಲಿಸುತ್ತಾರೆ. ಇದು ಹೊಸ ಯೋಚನೆಯಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1989ರಲ್ಲಿ ಇಂಡೋನೇಷ್ಯಾದ ಭತ್ತದ ಗದ್ದೆಗಳಲ್ಲಿ ರೈತರ ಪಾಠಶಾಲೆ ಶುರುಮಾಡಿದ್ದು ಇದೇ ಕ್ರಮದಲ್ಲಿ. ಗದ್ದೆಯೇ ಕ್ಲಾಸ್, ಬೆಳೆಯೇ ಪಾಠ.

ಚಿತ್ರದುರ್ಗದ ಮಕ್ಕಳಿಗೆ ಮಳೆನೀರು ಕೊಯ್ಲಿನ ಪಾಠ ಮಾಡಲು ಸ್ಲೈಡ್ ಯಾಕೆ ಬೇಕು? ಕೋಟೆ ಹತ್ತಿದರೆ ಆಯಿತು. ಬೆಟ್ಟದ ಮೇಲೆ ಬಿದ್ದ ನೀರು ಗೋಪಾಲಸ್ವಾಮಿ ಹೊಂಡಕ್ಕೆ ಬರುತ್ತದೆ. ಅದು ತುಂಬಿ ಹರಿದದ್ದು ಅಕ್ಕ ತಂಗಿ ಹೊಂಡಕ್ಕೆ. ಅಲ್ಲಿಂದ ಕೆಳಗೆ ಸಿಹಿನೀರು ಹೊಂಡ, ಊರೊಳಗಿನ ಸಂತೆ ಹೊಂಡ. ಮಕ್ಕಳು ಈ ದಾರಿಯನ್ನು ನಡೆದೇ ಇಳಿಯಲಿ. 'ನೀರು ಇಲ್ಲಿಂದ ಎಲ್ಲಿಗೆ ಹೋಗುತ್ತೆ?' ಅಂತ ಅಲ್ಲಲ್ಲಿ ನಿಲ್ಲಿಸಿ ಕೇಳಿ. ಮುಂದಿನದನ್ನು ಅವರೇ ಹುಡುಕುತ್ತಾರೆ.

ಖರ್ಚು, ಸಮಯ, ಅನುಮತಿ, ಬಿಸಿಲು, ಮಕ್ಕಳ ಜವಾಬ್ದಾರಿ ಇವೆಲ್ಲ ಇದರ ಕಷ್ಟಗಳು. ಎಲ್ಲ ಪಾಠವನ್ನೂ ಹೀಗೆ ಮಾಡಲು ಆಗುವುದಿಲ್ಲ. ಆಗದಿದ್ದಾಗ ವಸ್ತುವನ್ನೇ ಕ್ಲಾಸಿಗೆ ತನ್ನಿ. ಹುಳ ತಿಂದ ಒಂದು ಗಿಡ, ಒಂದು ಹಿಡಿ ಕಪ್ಪು ಮಣ್ಣು, ಒಂದು ಹಿಡಿ ಕೆಂಪು ಮಣ್ಣು. ಕೈಯಿಂದ ಕೈಗೆ ದಾಟಲಿ.

ಬರೀ ಮಾತು

ಜಗಳ ಬಗೆಹರಿಸಲು, ಧೈರ್ಯ ಹೇಳಲು, ಬೀಳ್ಕೊಡಲು, ತಂದೆ ತಾಯಿಯರ ಜೊತೆ ಮಗುವಿನ ವಿಷಯ ಮಾತಾಡಲು ಬರೀ ಮಾತೇ ಸಾಕು. ಇಲ್ಲಿ ಪರದೆ ಇಟ್ಟರೆ ಮುಖ ಮುಖ ನೋಡುವುದು ತಪ್ಪುತ್ತದೆ.

ಪಿಪಿಟಿ ಬಿಡಲು ಆಗದಿದ್ದರೆ

ಮೇಲಿನವರು ಕೇಳಿದ್ದಾರೆ, ಕಾಲೇಜಿನಲ್ಲಿ ಕಡ್ಡಾಯ ಮಾಡಿದ್ದಾರೆ, ನಾಳೆಯೇ ಕಾರ್ಯಕ್ರಮ. ಆಗ ಮಾಡಬಹುದಾದ ಕೆಲವು ಕೆಲಸ ಹೇಳುತ್ತೇನೆ. ತಲೆಬರಹದ ಜಾಗದಲ್ಲಿ ವಿಷಯದ ಹೆಸರಿನ ಬದಲು ಪೂರ್ತಿ ವಾಕ್ಯ ಬರೆಯಿರಿ. 'ಅಂತರ್ಜಲ ಮಟ್ಟ' ಅನ್ನಬೇಡಿ, 'ಕೆರೆ ತುಂಬಿದ ವರ್ಷ ಸುತ್ತಲಿನ ಬೋರ್‌ವೆಲ್‌ಗಳಲ್ಲಿ ನೀರು ಮೇಲೆ ಬರುತ್ತದೆ' ಅನ್ನಿ. ಕೆಳಗೆ ಅದನ್ನು ತೋರಿಸುವ ಒಂದು ಫೋಟೋ ಅಥವಾ ಗ್ರಾಫ್ ಹಾಕಿ, ಅಷ್ಟೇ. ಉಳಿದ ಅಕ್ಷರವನ್ನೆಲ್ಲ ತೆಗೆದು ಹಾಳೆಗೆ ಬರೆದು ಜೆರಾಕ್ಸ್ ಮಾಡಿಸಿ. ಹಾಳೆಯನ್ನು ಕೊನೆಯಲ್ಲಿ ಹಂಚಿ, ಮೊದಲೇ ಕೊಟ್ಟರೆ ಜನ ಅದನ್ನೇ ಓದುತ್ತಾ ಕೂರುತ್ತಾರೆ. ತೀರ್ಮಾನದ ಸಭೆಯಾದರೆ ಮಾತ್ರ ಮೊದಲೇ ಕೊಟ್ಟು ಓದಲು ಸಮಯ ಬಿಡಿ.

ಮುಖ್ಯವಾದ ಅಪಾಯ, ಮುಖ್ಯವಾದ ಅಂಕಿ ಇದ್ದರೆ ಅದು ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ದೊಡ್ಡದಾಗಿ ಇರಲಿ. ಕನ್ನಡ ಅಕ್ಷರ ಹಿಂದಿನ ಬೆಂಚಿಗೆ ಕಾಣುತ್ತದಾ ಅಂತ ಹಿಂದಿನ ದಿನವೇ ಹಾಲಿಗೆ ಹೋಗಿ ಕೊನೆಯ ಸಾಲಿನಲ್ಲಿ ಕೂತು ನೋಡಿ. ಕರೆಂಟ್ ಹೋದರೆ ಏನು ಹೇಳುತ್ತೀರಿ ಅನ್ನುವುದನ್ನು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿ ಇಟ್ಟುಕೊಳ್ಳಿ.

ಸ್ಲೈಡ್ ಓಡುತ್ತಿರುವಾಗ ಕೀಬೋರ್ಡಿನಲ್ಲಿ 'ಬಿ' ಅಕ್ಷರ ಒತ್ತಿದರೆ ಪವರ್‌ಪಾಯಿಂಟಿನ ಪರದೆ ಪೂರ್ತಿ ಕಪ್ಪಾಗುತ್ತದೆ. ಇನ್ನೊಮ್ಮೆ ಒತ್ತಿದರೆ ನಿಂತಲ್ಲಿಗೇ ವಾಪಸ್ ಬರುತ್ತದೆ. ಯಾರಾದರೂ ಪ್ರಶ್ನೆ ಕೇಳಿದ ಕೂಡಲೇ ಅದನ್ನು ಒತ್ತಿ, ಲೈಟ್ ಹಾಕಿಸಿ, ಪಕ್ಕದಲ್ಲಿ ಬೋರ್ಡಿದ್ದರೆ ಚಾಕ್‌ಪೀಸ್ ತೆಗೆದುಕೊಂಡು ಉತ್ತರ ಹೇಳಿ.